46.5 ಎಲ್ಲಿಂದ ಬಂತು?

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್. ಜನವರಿ ತಿಂಗಳ ಒಂದು ಸಂಜೆ ಅಲ್ಲಿ ಬೆಲ್ಟಿಗೆ ಕಟ್ಟಿದ ಬಕೆಟ್‌ಗಳಲ್ಲಿ ಕಾಳು ಮೇಲಕ್ಕೆ ಸಾಗಿಸುವ ಬಕೆಟ್ ಎಲಿವೇಟರ್‌ಗೆ ಹೊಸ ಬ್ರಾಕೆಟ್ ಕೂಡಿಸಿ ಚಾಲೂ ಮಾಡಿದರು. ಐದು ನಿಮಿಷ ಆಗಿರಲಿಲ್ಲ, ಒಳಗಿಂದ ಕರಕರ ಸದ್ದು. ಬಕೆಟ್‌ಗಳು ತಗಡಿಗೆ ಉಜ್ಜುತ್ತಿದ್ದವು. ಮೋಟರ್ ಬಂದ್ ಮಾಡಿದರು. ಆ ಬ್ರಾಕೆಟ್‌ನ ಕಂಪ್ಯೂಟರ್ ಮಾಡೆಲ್ ಮತ್ತು ಡ್ರಾಯಿಂಗ್ ಮಾಡಿದ್ದು ನನ್ನ ಲ್ಯಾಬ್‌ನ ಒಬ್ಬ ಮೆಕ್ಯಾನಿಕಲ್ ವಿದ್ಯಾರ್ಥಿನಿ. ಅದನ್ನು ಫೋನಿನಲ್ಲಿ ನೋಡಿ "ಸರಿ ಇದೆ, ಕೊಡು" ಅಂದವನು ನಾನು.

ಸಾಫ್ಟ್‌ವೇರ್ ಬಾರದ ಹುಡುಗಿಯಿಂದ ತಪ್ಪಾಗಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ಈಕೆ ಬ್ಯಾಚಿನಲ್ಲಿ ಎಲ್ಲರಿಗಿಂತ ಬೇಗ ಮಾಡೆಲ್ ಮಾಡಿ ಮುಗಿಸುತ್ತಿದ್ದವಳು. ಪಕ್ಕದವರ ಸ್ಕ್ರೀನ್ ಸರಿ ಮಾಡಿ ಕೊಡುತ್ತಿದ್ದವಳು. ತಪ್ಪು ಆದದ್ದು ಅವಳಿಗೆ ಬರುತ್ತಿದ್ದ ಜಾಗದಲ್ಲೇ. ಹಾಗಾಗಿ ಮೊದಲಿಂದ ಹೇಳುತ್ತೇನೆ.

ಹೇಗೆ ಕಲಿತಿದ್ದಳು

ಎರಡನೇ ವರ್ಷದ ಮಷಿನ್ ಡ್ರಾಯಿಂಗ್ ಲ್ಯಾಬ್ ಹೇಗಿರುತ್ತದೆ ಅಂತ ಮೆಕ್ಯಾನಿಕಲ್ ಓದಿದವರಿಗೆ ಗೊತ್ತು. ಪ್ಲಮ್ಮರ್ ಬ್ಲಾಕ್, ಸ್ಕ್ರೂ ಜಾಕ್, ಮಷಿನ್ ವೈಸ್. ಪುಸ್ತಕದಲ್ಲಿ ಎಲ್ಲ ಅಳತೆ ಕೊಟ್ಟಿರುತ್ತಾರೆ. ನೋಡಿಕೊಂಡು ಬಿಡಿ ಭಾಗ ಮಾಡುವುದು, ಜೋಡಿಸುವುದು, ಪ್ರಿಂಟ್ ತೆಗೆಯುವುದು, ಸಹಿ ಹಾಕಿಸುವುದು. ಪರೀಕ್ಷೆಯಲ್ಲೂ ಅದೇ. ಪುಸ್ತಕದ ಚಿತ್ರಕ್ಕೂ ಸ್ಕ್ರೀನಿನ ಚಿತ್ರಕ್ಕೂ ಹೊಂದಿದರೆ ಮಾರ್ಕ್ಸ್.

ಅವಳ ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ 4 ಜಿಬಿ. ಲ್ಯಾಬ್‌ನ ಸಾಫ್ಟ್‌ವೇರ್ ಅದರಲ್ಲಿ ತೆವಳುತ್ತಿತ್ತು. ಆದ್ದರಿಂದ ಮನೆಯಲ್ಲಿ ಫ್ರೀಕ್ಯಾಡ್ ಅನ್ನುವ ಮಾಡೆಲಿಂಗ್ ಸಾಫ್ಟ್‌ವೇರ್ ಹಾಕಿಕೊಂಡಳು. ದುಡ್ಡಿಲ್ಲ, ಲೈಸೆನ್ಸ್ ಗೋಜಿಲ್ಲ. ವಿಡಿಯೋ ಹಾಕುವುದು, ನಿಲ್ಲಿಸುವುದು, ಅವರು ಒತ್ತಿದ ಬಟನ್ ತಾನೂ ಒತ್ತುವುದು. ಹೀಗೆ ನಲವತ್ತೈವತ್ತು ಪಾರ್ಟ್ ಮಾಡಿ ಕೈ ಪಳಗಿಸಿಕೊಂಡಿದ್ದಳು. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಬಟನ್ ಎಲ್ಲಿದೆ ಅಂತ ಹುಡುಕುವುದರಲ್ಲೇ ಒಂದು ಸೆಮಿಸ್ಟರ್ ಕಳೆಯುವ ಹುಡುಗರು ಎಷ್ಟೋ ಮಂದಿ ಇದ್ದಾರೆ.

ಈ ಜಾತಿಯ ಸಾಫ್ಟ್‌ವೇರ್ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಘನ ವಸ್ತುವನ್ನು ನೇರವಾಗಿ ಕೆತ್ತುವುದಿಲ್ಲ. ಮೊದಲು ಒಂದು ಸಮತಲದ ಮೇಲೆ ಸ್ಕೆಚ್ ಹಾಕುತ್ತೇವೆ. ಆ ಗೆರೆಗಳಿಗೆ ಕಟ್ಟುಪಾಡು ಹಾಕುತ್ತೇವೆ: ಇದು ಅಡ್ಡ, ಇದು ಲಂಬ, ಇವೆರಡು ಸಮ, ಇದರ ಉದ್ದ ಇಷ್ಟು. ಇದಕ್ಕೇ ಕನ್‌ಸ್ಟ್ರೇಂಟ್ ಅನ್ನುವುದು. ಸುಮ್ನೆ ಒಂದು ಆಯತ ಎಳೆದರೆ ಅದಕ್ಕೆ ಇನ್ನೂ ನಾಲ್ಕು ಸ್ವಾತಂತ್ರ್ಯ ಉಳಿದಿರುತ್ತದೆ. ಅಗಲ, ಎತ್ತರ, ಪಕ್ಕಕ್ಕೆ ಸರಿಯುವುದು, ಮೇಲೆ ಕೆಳಗೆ ಸರಿಯುವುದು. ನಾಲ್ಕನ್ನೂ ಕಟ್ಟಿಹಾಕಿದರೆ ಫ್ರೀಕ್ಯಾಡ್‌ನಲ್ಲಿ ಸ್ಕೆಚ್ ಹಸಿರಾಗುತ್ತದೆ. ಸಾಲಿಡ್‌ವರ್ಕ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಾದರೆ ನೀಲಿ ಗೆರೆ ಕಪ್ಪಾಗುತ್ತದೆ. ಆಮೇಲೆ ಆ ಸ್ಕೆಚ್‌ಗೆ ದಪ್ಪ ಕೊಡುವುದು, ತೂತು ಕೊರೆಯುವುದು, ಮೂಲೆ ದುಂಡಗೆ ಮಾಡುವುದು (ಇದು ಫಿಲೆಟ್). ಪ್ರತಿ ಹೆಜ್ಜೆಯೂ ಪಕ್ಕದಲ್ಲಿ ಒಂದು ಮರದ ಹಾಗೆ ಸಾಲಾಗಿ ಉಳಿಯುತ್ತದೆ. ಯಾವಾಗ ಬೇಕಾದರೂ ಹಿಂದೆ ಹೋಗಿ ಒಂದು ಅಂಕಿ ಬದಲಿಸಿದರೆ, ಅಲ್ಲಿಂದ ಮುಂದಿನದ್ದೆಲ್ಲ ಮತ್ತೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಇದಕ್ಕೇ ಪ್ಯಾರಾಮೆಟ್ರಿಕ್ ಅನ್ನುವುದು.

ಈ ಆಲೋಚನೆ ಹಳೆಯದು. 1963ರಲ್ಲಿ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲೇ ಗೆರೆಗಳಿಗೆ ಇಂಥ ಕಟ್ಟುಪಾಡು ಹಾಕಬಹುದಿತ್ತು. ಅಂಗಡಿಯಲ್ಲಿ ಮಾರುವ ಸರಕಾಗಿ ಅದು ಗಟ್ಟಿಯಾದದ್ದು ಸ್ಯಾಮುಯೆಲ್ ಗೈಸ್‌ಬರ್ಗ್ 1985ರಲ್ಲಿ ಕಟ್ಟಿದ ಪಿಟಿಸಿ ಕಂಪನಿಯ ಪ್ರೊ-ಎಂಜಿನಿಯರ್‌ನಿಂದ. 1995ರಲ್ಲಿ ಸಾಲಿಡ್‌ವರ್ಕ್ಸ್ ಬಂದು ವಿಂಡೋಸ್ ಪಿಸಿಗೆ ಅದನ್ನು ಇಳಿಸಿತು. ಇವೆಲ್ಲ ಗೆದ್ದದ್ದು ಒಂದೇ ಮಾತಿನ ಮೇಲೆ: ಬದಲಾವಣೆ ಅಗ್ಗವಾಗುತ್ತದೆ. ನಮ್ಮ ಲ್ಯಾಬ್ ಪರೀಕ್ಷೆಯಲ್ಲಿ ಮಾತ್ರ "ಆ 40 ಇದೆಯಲ್ಲ, ಅದನ್ನ 45 ಮಾಡಿ ತೋರಿಸು" ಅಂತ ಯಾವ ಎಕ್ಸಾಮಿನರೂ ಕೇಳಿದ್ದು ನಾನು ಕಂಡಿಲ್ಲ. ನಾನೂ ಕೇಳಿರಲಿಲ್ಲ.

ಕೆಲಸ

ಐದನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಅವಳು ಇಂಟರ್ನ್‌ಶಿಪ್‌ಗೆ ಅಂತ ಆ ದಾಲ್ ಮಿಲ್‌ಗೆ ಹೋದಳು. ಜನವರಿ ಅಂದರೆ ನಮ್ಮ ಕಡೆ ಹೊಸ ತೊಗರಿ ಬರುವ ಹೊತ್ತು. ಕಲಬುರಗಿಯನ್ನು ತೊಗರಿ ಕಣಜ ಅನ್ನುತ್ತಾರಲ್ಲ, ಇಲ್ಲಿನ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಆ ದಿನಗಳಲ್ಲಿ ಮಿಲ್ ಒಂದು ದಿನ ನಿಂತರೂ ಸಾವಕಾರ್ರಿಗೆ ನಿದ್ದೆ ಬರುವುದಿಲ್ಲ.

ಎಲಿವೇಟರ್‌ನ ತಲೆಯ ಮೇಲಿನ ಪುಲ್ಲಿ ಒಂದು ಶಾಫ್ಟ್ ಮೇಲೆ ತಿರುಗುತ್ತದೆ. ಶಾಫ್ಟ್‌ನ ಎರಡೂ ತುದಿಗೆ ಒಂದೊಂದು ಪ್ಲಮ್ಮರ್ ಬ್ಲಾಕ್, ಅಂದರೆ ಬೇರಿಂಗ್ ಹಿಡಿದಿಡುವ ಗೂಡು. ಈ ಬ್ಲಾಕ್‌ಗಳು ಕೂರುವುದಕ್ಕೆ ಎಲಿವೇಟರ್ ತಗಡಿನ ಆಚೆ ಒಂದು, ಈಚೆ ಒಂದು ಬ್ರಾಕೆಟ್. ಎಲ್ ಆಕಾರದ್ದು. ನಿಂತ ಪ್ಲೇಟ್ ತಗಡಿಗೆ ಬೋಲ್ಟ್ ಆಗುತ್ತದೆ, ಮಲಗಿದ ಪ್ಲೇಟ್ ಮೇಲೆ ಬ್ಲಾಕ್ ಕೂರುತ್ತದೆ, ಕೆಳಗೆ ಆಸರೆಗೆ ಎರಡು ತ್ರಿಕೋನದ ಗಸೆಟ್. ಹಳೆ ಬ್ರಾಕೆಟ್ ವೆಲ್ಡಿಂಗ್ ಹತ್ತಿರ ಬಿರುಕು ಬಿಟ್ಟಿತ್ತು. ಹೊಸದು ಎರಡು ಬೇಕು.

ಮಿಲ್‌ನ ಮಿಸ್ತ್ರಿ ವಯಸ್ಸಾದವರು. ಎಲ್ಲರೂ ಚಾಚಾ ಅನ್ನುತ್ತಾರೆ. ಹಳೆ ಬ್ರಾಕೆಟ್ ನೋಡಿಕೊಂಡೇ ಅವರು ಹೊಸದು ಮಾಡಿಬಿಡುತ್ತಿದ್ದರು. ಸಾವಕಾರ್ರು "ಹುಡುಗಿ ಕಲಿಲಾಕ ಬಂದಾಳ, ಡ್ರಾಯಿಂಗ್ ಮಾಡ್ಲಿ" ಅಂದರು. ಹೀಗೆ ಕೆಲಸ ಅವಳ ಪಾಲಿಗೆ ಬಂತು.

ಅವಳು ಟೇಪು, ವರ್ನಿಯರ್ ಹಿಡಿದು ಅಳತೆ ತೆಗೆದಳು. ಶಾಫ್ಟ್ 40 ಎಂಎಂ, ಬ್ಲಾಕ್ ಯುಸಿಪಿ 208. (ಈ ನಂಬರಿನ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಶಾಫ್ಟ್ ಸೈಜ್ ಬರುತ್ತದೆ. 08 ಅಂದರೆ 40.) ಬ್ಲಾಕ್‌ನ ಎರಡು ಬೋಲ್ಟ್ ತೂತಿನ ನಡುವೆ 137. ಮಲಗಿದ ಪ್ಲೇಟ್ 230 ಅಗಲ, 120 ಆಳ, 10 ದಪ್ಪ. ಆ ರಾತ್ರಿಯೇ ಮಾಡೆಲ್ ಆಯಿತು. ಚೆನ್ನಾಗಿಯೇ ಇತ್ತು. ಸ್ಕೆಚ್‌ಗಳೆಲ್ಲ ಹಸಿರು.

40 ಹೋಗಿ 45 ಬಂತು

ಎರಡು ದಿನ ಬಿಟ್ಟು ಶಾಫ್ಟ್ ಬಿಚ್ಚಿದಾಗ ಬೇರಿಂಗ್ ಕೂರುವ ಜಾಗ ಸವೆದು ಹೋಗಿದ್ದು ಕಂಡಿತು. ಹೇಗೂ ಹೊಸ ಶಾಫ್ಟ್ ಹಾಕಬೇಕು, ದಪ್ಪದ್ದೇ ಹಾಕೋಣ, 45 ಮಾಡೋಣ ಅಂತ ತೀರ್ಮಾನವಾಯಿತು. ಅಂದರೆ ಯುಸಿಪಿ 209. ಅದರ ತೂತಿನ ನಡುವೆ 146, ತಳದಿಂದ ಶಾಫ್ಟ್ ಮಧ್ಯಕ್ಕೆ 54. ಹಳೆಯದಕ್ಕೆ 49.2 ಇತ್ತು. ಪುಲ್ಲಿ 4.8 ಎಂಎಂ ಮೇಲೆ ಹೋಗುತ್ತದೆ, ಅದು ದೊಡ್ಡ ಮಾತಲ್ಲ. ಕೆಳಗೆ ಬೆಲ್ಟ್ ಬಿಗಿ ಮಾಡುವ ಸ್ಕ್ರೂ ಇರುತ್ತದೆ. ಜೊತೆಗೆ ಚಾಚಾ ಇನ್ನೊಂದು ಹೇಳಿದರು. ಬೆಲ್ಟ್ ಗಾರ್ಡ್ ತಾಗುತ್ತದೆ, ಪ್ಲೇಟ್‌ನ ಒಂದು ಮೂಲೆ ಸ್ವಲ್ಪ ಕಟ್ ಮಾಡಬೇಕು.

ಅವಳಿಗೆ ಖುಷಿ. ಪ್ಯಾರಾಮೆಟ್ರಿಕ್ ಅಂದರೆ ಇದಕ್ಕೇ ಅಲ್ವಾ? 137 ಇದ್ದಲ್ಲಿ 146 ಹೊಡೆದಳು. ಮೊದಲ ಸ್ಕೆಚ್‌ಗೆ ಹೋಗಿ ಮೂಲೆ ಕತ್ತರಿಸಿದಳು. ಹೊರಬಂದರೆ ಮರದ ತುಂಬ ಕೆಂಪು ಗುರುತು. ಒಂದು ಗಸೆಟ್ ಪ್ಲೇಟ್ ಬಿಟ್ಟು ಗಾಳಿಯಲ್ಲಿ ನೇತಾಡುತ್ತಿತ್ತು. ಫಿಲೆಟ್ ಸತ್ತು ಹೋಗಿತ್ತು.

ಯಾಕೆ ಹೀಗಾಯಿತು ಅನ್ನುವುದು ಈ ಸಾಫ್ಟ್‌ವೇರ್ ಬಳಸಿದವರಿಗೆ ಹಳೆಯ ತಲೆನೋವು. ಅವಳು ಗಸೆಟ್‌ನ ಸ್ಕೆಚ್ಚನ್ನು ಪ್ಲೇಟಿನ ಒಂದು ಮುಖದ ಮೇಲೆ ಅಂಟಿಸಿದ್ದಳು. ನಮ್ಮ ಕಣ್ಣಿಗೆ ಅದು "ಕೆಳಗಿನ ಮುಖ". ಸಾಫ್ಟ್‌ವೇರ್‌ಗೆ ಅದು "6ನೇ ಮುಖ", ಅಷ್ಟೇ. ಹಿಂದೆ ಹೋಗಿ ಮೂಲೆ ಕತ್ತರಿಸಿದಾಗ ಹೊಸ ಮುಖಗಳು ಹುಟ್ಟಿ ಎಣಿಕೆ ಏರುಪೇರಾಯಿತು. 6ನೇದು ಈಗ ಬೇರೆ ಯಾವುದೋ. ಮನೆ ನಂಬರ್ ಬದಲಾದ ಓಣಿಯಲ್ಲಿ ಪೋಸ್ಟ್‌ಮ್ಯಾನ್ ಹಳೆ ನಂಬರ್ ಹುಡುಕಿದ ಹಾಗೆ. ಅವಳ ಬಳಿ ಇದ್ದದ್ದು ಫ್ರೀಕ್ಯಾಡ್‌ನ ಹಳೆ ಆವೃತ್ತಿ. 2024ರ ನವೆಂಬರ್‌ನಲ್ಲಿ ಬಂದ 1.0ರಲ್ಲಿ ಈ ತೊಂದರೆಯನ್ನು ಸಾಕಷ್ಟು ತಗ್ಗಿಸಿದ್ದಾರೆ. ಹಾಗಂತ ಯಾವ ಸಾಫ್ಟ್‌ವೇರ್‌ನಲ್ಲೂ ಇದು ಪೂರ್ತಿ ಇಲ್ಲ ಅನ್ನುವ ಹಾಗಿಲ್ಲ.

ಎರಡು ತಾಸು ಕೂತು ಕೆಂಪೆಲ್ಲ ಸರಿ ಮಾಡಿದಳು. ಗಸೆಟ್ ಮತ್ತೆ ಜಾಗಕ್ಕೆ ಬಂತು. ಫಿಲೆಟ್ ತೆಗೆದು ಹೊಸದಾಗಿ ಹಾಕಿದಳು. ರಾತ್ರಿ ಹನ್ನೊಂದಕ್ಕೆ ನನಗೆ ಡ್ರಾಯಿಂಗ್ ಕಳಿಸಿ "ಸರ್, ಎಲ್ಲಾ ಎರರ್ ಹೋದವ್ರಿ" ಅಂತ ಬರೆದಳು. ನಾನು ನೋಡಿದೆ. 146 ಇದೆ. ಮೂಲೆ ಕಟ್ ಆಗಿದೆ. ಬೋಲ್ಟ್ ಎಂ14, ಅಂದರೆ 14 ಎಂಎಂ ದಪ್ಪದ್ದು. ಡ್ರಿಲ್ 16. ಸರಿ ಇದೆ ಅಂದೆ.

ಬೆನ್ನಿಗೆ ಬೆನ್ನು

ಸದ್ದು ಬಂದ ಸಂಜೆ ಎಲ್ಲರ ಅನುಮಾನ ಬೆಲ್ಟ್ ಮೇಲೆ ಹೋಯಿತು. ಬೆಲ್ಟ್ ಪುಲ್ಲಿಯ ಒಂದು ಪಕ್ಕಕ್ಕೆ ಸರಿದಿತ್ತು. ಅದನ್ನು ಕೆಳಗಿನ ಸ್ಕ್ರೂನಿಂದ ಎಳೆದು ನೋಡಿದರು. ಮತ್ತೆ ಸರಿಯಿತು. ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗುತ್ತಿತ್ತು. ಬಿಸಿಯೂ ಇಲ್ಲ.

ಬೇರಿಂಗ್ ಮೇಲೆ ಯಾರಿಗೂ ಅನುಮಾನ ಬರದಿದ್ದಕ್ಕೆ ಕಾರಣ ಇದೆ. ಯುಸಿಪಿ ಬ್ಲಾಕ್‌ನಲ್ಲಿ ಬೇರಿಂಗ್‌ನ ಹೊರಮೈ ಗೋಲಾಕಾರ. ಶಾಫ್ಟ್ ಒಂದೆರಡು ಡಿಗ್ರಿ ಓರೆ ಇದ್ದರೂ ಬೇರಿಂಗ್ ತಾನೇ ಹೊರಳಿ ಹೊಂದಿಕೊಳ್ಳುತ್ತದೆ. ಒಳ್ಳೆಯ ಗುಣ. ಆವತ್ತು ಅದೇ ತಪ್ಪನ್ನು ಮುಚ್ಚಿಟ್ಟಿತು.

ಕೊನೆಗೆ ಚಾಚಾ ಎರಡೂ ಬ್ರಾಕೆಟ್ ಬಿಚ್ಚಿಸಿ ಕೆಳಗೆ ತರಿಸಿದರು. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ, ತಗಡಿಗೆ ಹೋಗುವ ತೂತುಗಳಲ್ಲಿ ಬೋಲ್ಟ್ ತೂರಿಸಿ ಬಿಗಿ ಮಾಡಿದರು. ಮಿಲ್‌ನಲ್ಲಿ ಅವು ಹೇಗೆ ಕೂರುತ್ತವೋ ಹಾಗೇ, ನಡುವೆ ಎಲಿವೇಟರ್ ಇಲ್ಲ ಅಷ್ಟೇ. ಆಮೇಲೆ ಮಲಗಿದ ಪ್ಲೇಟ್‌ಗಳ ಮೇಲೆ ಒಂದು ಸ್ಟೀಲ್ ಸ್ಕೇಲ್ ಇಟ್ಟು, ಆ ಕಡೆಯ ತೂತಿಗೂ ಈ ಕಡೆಯ ತೂತಿಗೂ ಹೊಂದಿಸಿ ನೋಡಿದರು. ಹೊಂದಲಿಲ್ಲ. ಒಂಬತ್ತು ಎಂಎಂ ಫರಕು.

ಡ್ರಾಯಿಂಗ್ ತರಿಸಿದರು. ಎಡ ಅಂಚಿನಿಂದ ಮೊದಲ ತೂತಿಗೆ 46.5. ಅಲ್ಲಿಂದ ಎರಡನೇದಕ್ಕೆ 146. ಚಾಚಾ ಬೆರಳಿಟ್ಟು ಕೇಳಿದರು.

"ಬೇಟಾ, ಈ 46.5 ಎಲ್ಲಿಂದ ತಂದಿ?"

ಅವಳಿಗೆ ತಕ್ಷಣ ನೆನಪಾಗಲಿಲ್ಲ. ಆಮೇಲೆ ನೆನಪಾಯಿತು. ಮೊದಲ ದಿನ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ 230ರಲ್ಲಿ 137 ಕಳೆದು ಎರಡರಿಂದ ಭಾಗಿಸಿದ್ದಳು. ತೂತುಗಳು ಪ್ಲೇಟ್ ನಡುವೆ ಬರಲಿ ಅಂತ. ಲೆಕ್ಕ ಸರಿ ಇತ್ತು. ಆದರೆ ಸಾಫ್ಟ್‌ವೇರ್‌ಗೆ ಹೇಳಿದ್ದು ಉತ್ತರ ಮಾತ್ರ, ಲೆಕ್ಕ ಅಲ್ಲ. 137 ಹೋಗಿ 146 ಆದಾಗ ಎಡ ತೂತು ಇದ್ದಲ್ಲೇ ನಿಂತಿತು. ಬಲ ತೂತು ಒಂದೇ 9 ಎಂಎಂ ಆಚೆ ಹೋಯಿತು. 46.5 ಈಗ 42 ಆಗಬೇಕಿತ್ತು. ಆಗಲಿಲ್ಲ. ಬ್ಲಾಕ್‌ನ ಮಧ್ಯ 4.5 ಎಂಎಂ ಪಕ್ಕಕ್ಕೆ ಸರಿಯಿತು.

ಬರೀ 4.5 ಆಗಿದ್ದರೆ ಬಹುಶಃ ನಡೆದುಹೋಗುತ್ತಿತ್ತು. ಎರಡೂ ಕಡೆ ಒಂದೇ ದಿಕ್ಕಿಗೆ ಸರಿದಿದ್ದರೆ ಶಾಫ್ಟ್ ನೇರವಾಗಿಯೇ ಇರುತ್ತಿತ್ತು. ಆದರೆ ಎರಡೂ ಒಂದೇ ಡ್ರಾಯಿಂಗ್‌ನವು. ಒಂದರ ಮುಖ ಆ ಕಡೆ, ಇನ್ನೊಂದರದ್ದು ಈ ಕಡೆ. ಒಂದು 4.5 ಮುಂದೆ, ಇನ್ನೊಂದು 4.5 ಹಿಂದೆ. ನಡುವಿನ ಅಂತರ ಸುಮಾರು 600 ಎಂಎಂ. ಶಾಫ್ಟ್ ಹತ್ತಿರ ಹತ್ತಿರ ಒಂದು ಡಿಗ್ರಿ ಓರೆಯಾಯಿತು. ಮೊದಲಿನ ಬ್ರಾಕೆಟ್‌ಗೆ ಎಡ ಬಲ ಅನ್ನುವುದೇ ಇರಲಿಲ್ಲ. ಒಂದು ಅಂಕಿ ಬದಲಿಸಿದ್ದಕ್ಕೆ ಅದರ ತೂತುಗಳಿಗೆ ಎಡಗೈ ಬಲಗೈ ಹುಟ್ಟಿಕೊಂಡಿತ್ತು.

ಬ್ಲಾಕ್‌ನ ತೂತು ಉದ್ದಕ್ಕೆ ಇರುತ್ತದೆ, ಅದರಲ್ಲೇ ಸರಿಸಲು ಆಗುತ್ತದಾ ಅಂತ ನಾನು ಕೇಳಿದೆ. "ಒಂದೆರಡು ಎಂಎಂ ಸರಿಸ್ಬಹುದ್ರಿ ಸರ್, ನಾಕೂವರೆ ಹ್ಯಾಂಗ್ ಬರ್ತದ?" ಅಂದರು. ಪ್ಲೇಟ್‌ನ ತೂತುಗಳನ್ನೇ ಪಕ್ಕಕ್ಕೆ ಉದ್ದ ಮಾಡಿ, ದಪ್ಪ ವಾಷರ್ ಹಾಕಿ ಕೂಡಿಸಿದರು. ರಾತ್ರಿ ಒಂದೂವರೆಗೆ ಎಲಿವೇಟರ್ ಸದ್ದಿಲ್ಲದೆ ಓಡಿತು. ಸಾವಕಾರ್ರು ಒಂದು ಮಾತೂ ಬೈಯಲಿಲ್ಲ. ಚಹಾ ತರಿಸಿದರು. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರ ಆಗುತ್ತಿತ್ತೇನೋ.

ಯಾರೂ ಯಾಕೆ ನೋಡಲಿಲ್ಲ

ಇದರಲ್ಲಿ ಮೂರು ಜನ ಇದ್ದೆವು. ಮೂವರ ಕಣ್ಣೂ ತಪ್ಪಿತು.

ಅವಳ ಕಣ್ಣು ಕೆಂಪಿನ ಮೇಲಿತ್ತು. ಎರಡು ತಾಸು ಕೆಂಪಿನ ಜೊತೆ ಗುದ್ದಾಡಿದ ಮೇಲೆ, ಕೆಂಪು ಹೋದದ್ದೇ ಕೆಲಸ ಮುಗಿದ ಹಾಗೆ ಅನ್ನಿಸುವುದು ಸಹಜ. ಸಾಫ್ಟ್‌ವೇರ್ ಕಿರುಚುವುದು ತನಗೆ ಕಟ್ಟಲು ಆಗದಿದ್ದಾಗ ಮಾತ್ರ. ತಪ್ಪು ಜಾಗದಲ್ಲಿ ಚೆಂದವಾಗಿ ಕಟ್ಟಲು ಆದರೆ ಅದು ಸುಮ್ಮನಿರುತ್ತದೆ. ನೇತಾಡುತ್ತಿದ್ದ ಗಸೆಟ್ ನಿಜಕ್ಕೂ ಅಪಾಯ ಆಗಿರಲೇ ಇಲ್ಲ. ಅದನ್ನು ಯಾರು ಬೇಕಾದರೂ ನೋಡಿ ಹಿಡಿಯುತ್ತಿದ್ದರು. ತೂತಿನ ಸ್ಕೆಚ್ ಮೊದಲಿಂದ ಕೊನೆವರೆಗೂ ಹಸಿರಾಗಿಯೇ ಇತ್ತು.

ನಾನು ಡ್ರಾಯಿಂಗ್‌ನಲ್ಲಿ ಇದ್ದ ಅಂಕಿ ನೋಡಿದೆ. ಇರದ ಅಂಕಿ ಲೆಕ್ಕ ಹಾಕಲಿಲ್ಲ. 46.5ಕ್ಕೆ 146 ಸೇರಿಸಿ 230ರಿಂದ ಕಳೆದಿದ್ದರೆ ಬಲಕ್ಕೆ 37.5 ಉಳಿಯುತ್ತದೆ ಅಂತ ಗೊತ್ತಾಗುತ್ತಿತ್ತು. ಒಂದೇ ಅಳತೆಯನ್ನು ಎರಡು ಸಲ ಬರೆಯಬಾರದು ಅಂತ ಡ್ರಾಯಿಂಗ್ ಕ್ಲಾಸಿನಲ್ಲಿ ಕಲಿಸುವವನೂ ನಾನೇ. ಹಾಗಾಗಿ ಆ 37.5 ಅಲ್ಲಿ ಇರುವ ಹಾಗೂ ಇರಲಿಲ್ಲ.

ಚಾಚಾ ಆ ದಿನ ಮಾರ್ಕಿಂಗ್ ಕೆಲಸವನ್ನು ಕೈಕೆಳಗಿನ ಹುಡುಗನಿಗೆ ಬಿಟ್ಟಿದ್ದರು. "ನಾ ಮಾಡಿದ್ರ ಮೊದಲು ಸೆಂಟರ್ ಲೈನ್ ಹೊಡಿತಿದ್ದೆ. ಡ್ರಾಯಿಂಗ್ ಅದ ಅಂತ ಬಿಟ್ಟೆ" ಅಂದರು. ಈ ಮಾತು ನನಗೆ ಬಹಳ ದಿನ ಕಾಡಿತು. ಪ್ಲೇಟನ್ನು ಗ್ಯಾಸ್ ಕಟರ್‌ನಲ್ಲಿ ಕತ್ತರಿಸುತ್ತಾರೆ. ಆ ಅಂಚು ಎಂದಿಗೂ ನೇರ ಇರುವುದಿಲ್ಲ, ಒಂದೆರಡು ಎಂಎಂ ಹಲ್ಲು ಹಲ್ಲಾಗಿ ಇರುತ್ತದೆ. ಅದಕ್ಕೇ ಯಾವ ಮಿಸ್ತ್ರಿಯೂ ಅಂಚಿನಿಂದ ಅಳೆಯುವುದಿಲ್ಲ. ಮೊದಲು ನಡು ಗೆರೆ ಗೀರುತ್ತಾರೆ, ಅಲ್ಲಿಂದ ಎರಡೂ ಕಡೆ ಸಮ ಅಳೆದು ಸೆಂಟರ್ ಪಂಚ್ ಹೊಡೆಯುತ್ತಾರೆ. ಅವರ ಕೈಗೆ ಅಭ್ಯಾಸವಾಗಿದ್ದ ಪದ್ಧತಿಯನ್ನು ನಮ್ಮ ಪ್ರಿಂಟ್ ಹಾಳೆ ಬಿಡಿಸಿತ್ತು.

ಅವಳು ಅಂಚಿನಿಂದ ಯಾಕೆ ಅಳೆದಳು? ಮೊದಲ ಸ್ಕೆಚ್ಚಿನ ಆಯತದ ಎಡ ಕೆಳ ಮೂಲೆಯನ್ನು ಆರಿಜಿನ್‌ಗೆ, ಅಂದರೆ ಸೊನ್ನೆ ಬಿಂದುವಿಗೆ, ಕೂಡಿಸಿದ್ದಳು. ಅವಳು ನೋಡಿದ ವಿಡಿಯೋಗಳಲ್ಲಿ ಹಾಗೇ ಇತ್ತು. ಗ್ರಾಫ್ ಹಾಳೆಯಲ್ಲೂ ನಾವು ಹಾಗೇ ಶುರು ಮಾಡುತ್ತೇವೆ. ಮೂಲೆ ಸೊನ್ನೆಯಲ್ಲಿ ಕೂತರೆ ಮುಂದಿನ ಅಳತೆಯೆಲ್ಲ ಮೂಲೆಯಿಂದಲೇ ಹುಟ್ಟುತ್ತದೆ. ಮಿಲ್‌ನಲ್ಲಿ ಆ ಮೂಲೆಗೆ ಏನೂ ಬೆಲೆ ಇಲ್ಲ. ಅಲ್ಲಿ ಬೆಲೆ ಇರುವುದು ಶಾಫ್ಟ್‌ನ ನಡುವಿಗೆ.

ಎರಡನೇ ಸಲ

ಒಂದು ವಾರ ಅವಳು ಲ್ಯಾಬ್ ಕಡೆ ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಅವರ ತಾಯಿ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾರೆ. ಅವಳು ಹೇಳಿದ್ದು ಹೀಗೆ.

"ಸರ್, ನಮ್ಮವ್ವ ಬಟ್ಟಿ ಮಡಚೇ ಕತ್ತರಿಸ್ತಾಳ್ರಿ. ಒಂದ್ ಕಡಿ ಅಳತಿ ಹಾಕಿದ್ರ ಎರಡೂ ಕಡಿ ಬರ್ತದ. ಮತ್ತ ಎಲ್ಲಾ ಅಳತಿ ತಗೊಳಂಗಿಲ್ರಿ. ಎದಿ ಸುತ್ತಳತಿ ತಗೊಂಡು ನಾಕರಿಂದ ಭಾಗಿಸಿ ಇಷ್ಟು ಸೇರಿಸು ಅಂತಾಳ್ರಿ."

36 ಇದ್ದವರಿಗೆ 9 ಇಂಚು ಮತ್ತು ಹೊಲಿಗೆಗೆ ಬಿಡುವ ಬಟ್ಟೆ. 40 ಇದ್ದವರಿಗೆ 10 ಮತ್ತು ಅದೇ ಬಿಡುವು. ಒಂಬತ್ತು ಅನ್ನುವ ಅಂಕಿಯನ್ನು ಅವರು ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ, ನಾಲ್ಕರಲ್ಲಿ ಒಂದು ಅನ್ನುವುದನ್ನು ಇಟ್ಟುಕೊಂಡಿದ್ದಾರೆ. ನಾನು ಎರಡು ವರ್ಷ ಪಾಠ ಮಾಡಿದ್ದಕ್ಕಿಂತ ಚೆನ್ನಾಗಿ ಅವಳಿಗೆ ಅದು ಹೊಲಿಗೆ ಮಷಿನ್ ಪಕ್ಕದಲ್ಲಿ ತಿಳಿದಿತ್ತು.

ನೋಟ್‌ಬುಕ್‌ನಲ್ಲಿ ಬ್ರಾಕೆಟ್‌ನ ಪ್ರತಿ ಅಂಕಿಯ ಮುಂದೆ ಒಂದು ಪ್ರಶ್ನೆ ಬರೆದಿದ್ದಳು: ಇದು ಎಲ್ಲಿಂದ ಬಂತು? 146 ಬಂದದ್ದು ಬೇರಿಂಗ್ ಪುಸ್ತಕದಿಂದ. 10 ದಪ್ಪ ಬಂದದ್ದು ಮಿಲ್‌ನಲ್ಲಿ ಬಿದ್ದಿದ್ದ ಪ್ಲೇಟ್‌ನಿಂದ. 230 ಬಂದದ್ದು ತಗಡಿನ ಮೇಲಿನ ಜಾಗದಿಂದ. 16ರ ತೂತು ಬಂದದ್ದು ಚಾಚಾರ ಡ್ರಿಲ್ ಡಬ್ಬಿಯಿಂದ. ಎಂ14 ಬೋಲ್ಟ್‌ಗೆ ಪುಸ್ತಕ 15.5 ಅನ್ನುತ್ತದೆ, ಆ ಸೈಜಿನ ಡ್ರಿಲ್ ಅಲ್ಲಿ ಇಲ್ಲ. 46.5ರ ಮುಂದೆ ಮಾತ್ರ "ನನ್ನಿಂದ" ಅಂತ ಬರೆದು ಗೆರೆ ಎಳೆದಿದ್ದಳು.

ಮಾಡೆಲನ್ನು ಹೊಸದಾಗಿ ಶುರು ಮಾಡಿದಳು. ಹಳೆಯದನ್ನು ತೇಪೆ ಹಾಕುವುದಕ್ಕಿಂತ ಅದು ಸುಲಭ, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಆಯತದ ನಡು ಈಗ ಆರಿಜಿನ್‌ನಲ್ಲಿ. ಎರಡು ತೂತೂ ನಡು ಗೆರೆಗೆ ಸಿಮೆಟ್ರಿ. ಹೀಗಾಗಿ ತೂತುಗಳಿಗೆ ಬೇಕಾದ ಅಳತೆ ಒಂದೇ, ನಡುವಿನ ಅಂತರ. ಅಂಚಿನಿಂದ ಅಳತೆ ಅನ್ನುವುದೇ ಇಲ್ಲ. ಗಸೆಟ್‌ಗಳನ್ನು ಯಾವ ಮುಖಕ್ಕೂ ಅಂಟಿಸದೆ ಆರಿಜಿನ್‌ನ ಸಮತಲಕ್ಕೆ ಕಟ್ಟಿದಳು. ಒಂದು ಮಾಡಿ ಇನ್ನೊಂದನ್ನು ಪ್ರತಿಬಿಂಬ ಮಾಡಿದಳು. ಮೂಲೆ ಕಟ್ ಮೊದಲ ಸ್ಕೆಚ್‌ನಿಂದ ಹೊರಬಂದು ಬೇರೆ ಹೆಜ್ಜೆಯಾಯಿತು, ಬೇಡವಾದರೆ ಆಫ್ ಮಾಡಬಹುದು. ಫಿಲೆಟ್ ಎಲ್ಲಕ್ಕಿಂತ ಕೊನೆಗೆ.

ಬೇರಿಂಗ್ ಅಳತೆಗಳಿಗೆ ಫ್ರೀಕ್ಯಾಡ್ ಒಳಗಿನ ಸ್ಪ್ರೆಡ್‌ಶೀಟ್ ಬಳಸಿದಳು. ಅದರಲ್ಲಿ ಒಂದು ಕೋಶಕ್ಕೆ ಹೆಸರು ಕೊಟ್ಟರೆ ಸ್ಕೆಚ್‌ನಲ್ಲಿ ಅಂಕಿಯ ಬದಲು ಆ ಹೆಸರು ಬರೆಯಬಹುದು. 208ಕ್ಕೆ 137 ಮತ್ತು 49.2, 209ಕ್ಕೆ 146 ಮತ್ತು 54, 210ಕ್ಕೆ 159 ಮತ್ತು 57.2. ಹೀಗೆ ಮೂರು ಸಾಲು. ಯಾವುದು ಬೇಕೋ ಆ ನಂಬರ್ ಹೊಡೆದರೆ ಸಾಕು.

ಇಲ್ಲಿ ಒಂದು ಜಗಳವೂ ಆಯಿತು. ಪ್ಲೇಟ್ ಅಗಲ 230 ಅನ್ನೂ ಬೇರಿಂಗ್‌ಗೆ ಕಟ್ಟಿಬಿಡುತ್ತೇನೆ ಅಂದಳು. ಬ್ಲಾಕ್ ಉದ್ದಕ್ಕೆ 40 ಸೇರಿಸಿದರೆ ಆಯಿತು ಅಂತ. ನಾನು ಬೇಡ ಅಂದೆ. ಪೆಟ್ಟು ತಿಂದ ಹುಡುಗರು ಎಲ್ಲವನ್ನೂ ಎಲ್ಲಕ್ಕೂ ಕಟ್ಟಲು ಹೋಗುತ್ತಾರೆ. ತಗಡಿನ ಮೇಲಿನ ಜಾಗ ಬೇರಿಂಗ್ ದೊಡ್ಡದಾಯಿತು ಅಂತ ಬೆಳೆಯುವುದಿಲ್ಲ. ಅದು 230, ಅದು ಹಾಗೇ ಇರಲಿ. ಬ್ಲಾಕ್ ಅದನ್ನು ಮೀರಿದರೆ ಮೀರಿದ್ದು ನಮಗೆ ಕಾಣಬೇಕು. ಅವಳಿಗೆ ಪೂರ್ತಿ ಒಪ್ಪಿಗೆ ಆದ ಹಾಗೆ ಕಾಣಲಿಲ್ಲ. ಆದರೂ 230 ಉಳಿಯಿತು.

ನನ್ನ ಲ್ಯಾಬ್‌ನಲ್ಲೂ ಒಂದು ಬದಲಾವಣೆ ಮಾಡಿದೆ. ಪ್ರಿಂಟ್ ತೆಗೆಯುವ ಮುಂಚೆ ಕೊನೆಯ ಕಾಲು ತಾಸಿನಲ್ಲಿ ಬೋರ್ಡ್ ಮೇಲೆ ಒಂದು ಹೊಸ ಅಂಕಿ ಬರೆಯುತ್ತೇನೆ. ಶಾಫ್ಟ್ ಇಷ್ಟಾಯಿತು, ಮಾಡಿ. ಮೊದಲ ವಾರ ಅರ್ಧಕ್ಕೂ ಜಾಸ್ತಿ ಸ್ಕ್ರೀನ್ ಕೆಂಪಾದವು. ಕೆಂಪಾದವರಿಗೆ ನಾನು ಏನೂ ಅನ್ನಲಿಲ್ಲ. ಹಸಿರಾಗಿದ್ದವರ ಹತ್ತಿರ ಹೋಗಿ ಒಂದೊಂದು ಅಂಕಿ ತೋರಿಸಿ ಚಾಚಾರ ಪ್ರಶ್ನೆ ಕೇಳಿದೆ. ಸೆಮಿಸ್ಟರ್ ಪೋರ್ಷನ್ ಮುಗಿಯುವುದು ತಡವಾಗುತ್ತಿದೆ ಅಂತ ಡಿಪಾರ್ಟ್‌ಮೆಂಟ್‌ನಲ್ಲಿ ಗೊಣಗಾಟ ಇದೆ. ಅದು ನಿಜವೇ.

ಏಪ್ರಿಲ್‌ನಲ್ಲಿ, ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ, ಅವಳೂ ನಾನೂ ಮತ್ತೆ ಮಿಲ್‌ಗೆ ಹೋದೆವು. ಉದ್ದ ಮಾಡಿದ ತೂತಿನ ಬ್ರಾಕೆಟ್ ತೆಗೆದು ಸರಿಯಾದದ್ದು ಹಾಕುವುದಿತ್ತು. ಸೀಸನ್ ಮುಗಿದಿತ್ತು, ಮಿಲ್ ನಿಂತಿತ್ತು. ಅವಳು ಲ್ಯಾಪ್‌ಟಾಪ್ ತೆರೆದು ಚಾಚಾರಿಗೆ ತೋರಿಸಿದಳು. 208 ಹೊಡೆದಳು, 209 ಹೊಡೆದಳು. ತೂತುಗಳು ನಡುವಿನಿಂದ ಎರಡೂ ಕಡೆ ಸಮವಾಗಿ ಸರಿದವು. ಚಾಚಾ ಕನ್ನಡಕ ಏರಿಸಿ ನೋಡುತ್ತಿದ್ದರು.

"50ರ ಶಾಫ್ಟ್ ಹಾಕಿದ್ರ?"

210 ಹೊಡೆದಳು. ತೂತಿನ ಅಂತರ 159 ಆಯಿತು. ಬ್ಲಾಕ್‌ನ ಉದ್ದ 206, ಪ್ಲೇಟ್ 230ರ ಒಳಗೇ ಇತ್ತು. ಕೆಂಪು ಎಲ್ಲೂ ಇಲ್ಲ. ಅವಳು ನನ್ನ ಕಡೆ ನೋಡಿ ಸ್ವಲ್ಪ ನಕ್ಕಳು.

ಚಾಚಾ ಸ್ಕ್ರೀನಿನ ಮೇಲೆ ಬೆರಳಿಟ್ಟರು. "ಈ ತೂತು ಎಷ್ಟದ?"

"ಹದಿನಾರ್ರಿ ಚಾಚಾ."

"210ಕ್ಕ ಎಂ16 ಬೋಲ್ಟ್ ಬರ್ತದ ಬೇಟಾ. ಹದಿನಾರರಾಗ ಹದಿನಾರು ಹ್ಯಾಂಗ್ ಹೋಗ್ತದ?"

ಅವಳು ಸ್ಪ್ರೆಡ್‌ಶೀಟ್ ತೆರೆದು ಇನ್ನೊಂದು ಕಾಲಮ್ ಸೇರಿಸಿದಳು. 208ಕ್ಕೆ 16, 209ಕ್ಕೆ 16. ಮೂರನೇ ಸಾಲಿಗೆ ಬಂದಾಗ ಕೈ ನಿಲ್ಲಿಸಿ ಕೇಳಿದಳು.

"ಚಾಚಾ, 18ರ ಡ್ರಿಲ್ ಅದ ಏನ್ರಿ ನಿಮ್ಮ ಹತ್ರ?"

ಚಾಚಾ ಡಬ್ಬಿ ನೋಡಲು ಎದ್ದು ಹೋದರು.